ಸಿಗರೇಟ್ ಮತ್ತು ದೇಹ: ಪದೇ ಪದೇ ಕೇಳುವ ಪ್ರಶ್ನೆಗಳು

ಸೇದುವವರು, ಬಿಡಬೇಕು ಅಂದುಕೊಂಡವರು, ಸೇದುವವರ ಜೊತೆ ಒಂದೇ ಮನೆಯಲ್ಲಿ ಇರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೊಟ್ಟಿರುವ ಔಷಧಿ ಪ್ರಮಾಣಗಳು ವಯಸ್ಕರಿಗೆ ಸಂಬಂಧಿಸಿದ್ದು. ಗರ್ಭಿಣಿಯರು, ಮೂತ್ರಪಿಂಡದ ಕಾಯಿಲೆ ಇರುವವರು, ಇತ್ತೀಚೆಗೆ ಹೃದಯಾಘಾತ ಆದವರು ವೈದ್ಯರನ್ನು ಕೇಳದೆ ಯಾವುದನ್ನೂ ಶುರುಮಾಡಬಾರದು.

ಸಿಗರೇಟಿನಲ್ಲಿ ಹಾನಿ ಮಾಡುವುದು ನಿಕೋಟಿನ್ ತಾನೆ?

ಮುಖ್ಯವಾಗಿ ಅಲ್ಲ. ನಿಕೋಟಿನ್ ಮನುಷ್ಯನನ್ನು ಕಟ್ಟಿಹಾಕುತ್ತದೆ, ಕೊಲ್ಲುವುದು ಹೊಗೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ನಿಕೋಟಿನ್ ಗಮ್‌ಗೆ ಹೆದರುತ್ತಾರೆ, ಸಿಗರೇಟಿಗೆ ಮಾತ್ರ ಹೆದರುವುದಿಲ್ಲ. ಆದ್ದರಿಂದ ಮೊದಲು ಇದನ್ನೇ ಸ್ಪಷ್ಟಪಡಿಸಬೇಕು.

ದಮ್ ಎಳೆಯುವಾಗ ಸಿಗರೇಟಿನ ತುದಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಬಿಸಿಯಲ್ಲಿ ಎಲೆ ಅರೆಬರೆ ಸುಟ್ಟು 7,000ಕ್ಕೂ ಹೆಚ್ಚು ರಾಸಾಯನಿಕಗಳು ಹುಟ್ಟುತ್ತವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು: ಬೆಂಜೀನ್, ಫಾರ್ಮಾಲ್ಡಿಹೈಡ್, ಆರ್ಸೆನಿಕ್, ಕ್ಯಾಡ್ಮಿಯಂ, ವಿಕಿರಣ ಸೂಸುವ ಪೊಲೋನಿಯಂ-210, ತಂಬಾಕಿಗೇ ವಿಶಿಷ್ಟವಾದ ನೈಟ್ರೋಸಮೈನ್‌ಗಳು. ಇವನ್ನು ಮೂರು ಗುಂಪಾಗಿ ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳೆಲ್ಲ ಸುಲಭವಾಗುತ್ತವೆ. ಅಂಟಂಟಾದ ಟಾರು ಕ್ಯಾನ್ಸರ್‌ಗೆ ದಾರಿ. ಕಾರ್ಬನ್ ಮೊನಾಕ್ಸೈಡ್ ರಕ್ತದಿಂದ ಆಮ್ಲಜನಕವನ್ನು ಕಸಿಯುತ್ತದೆ. ಅಕ್ರೋಲಿನ್‌ನಂಥ ಉರಿ ತರುವ ಅನಿಲಗಳೂ ಆಕ್ಸಿಡೆಂಟ್‌ಗಳೂ (ಆಕ್ಸಿಡೀಕರಣದಿಂದ ಜೀವಕೋಶ ಕೆಡಿಸುವ ವಸ್ತುಗಳು) ಶ್ವಾಸನಾಳ, ರಕ್ತನಾಳಗಳ ಒಳಪದರವನ್ನು ಕೆರೆಯುತ್ತವೆ.

ಹಾಗೆಂದು ನಿಕೋಟಿನ್ ನಿರಪಾಯಕಾರಿಯೂ ಅಲ್ಲ. ನಾಡಿಬಡಿತ ಏರಿಸುತ್ತದೆ, ರಕ್ತನಾಳ ಬಿಗಿಯುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೂ ಹದಿಹರೆಯದವರ ಬೆಳೆಯುತ್ತಿರುವ ಮಿದುಳಿಗೂ ಕೆಟ್ಟದ್ದು. ಚಿಕ್ಕ ಮಕ್ಕಳ ಬಾಯಿಗೆ ಹೋದರೆ ವಿಷ.

ಸೇದಿದಾಗ ಮನಸ್ಸು ಹಗುರಾಗುವುದು ನಿಜವಲ್ಲವೇ?

ಹಗುರಾದಂತೆ ಅನ್ನಿಸುವುದು ನಿಜ. ಆದರೆ ಆ ಭಾರ ಹೊರಿಸಿದ್ದು ಹಿಂದಿನ ಸಿಗರೇಟು.

ಒಳಗೆಳೆದ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಅಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಹಿತ ಅನ್ನಿಸುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇಳಿಯುತ್ತಿದ್ದಂತೆ ಚಡಪಡಿಕೆ, ಸಿಡುಕು, ಗಮನ ಚದುರುವುದು ಶುರು. ಇನ್ನೊಂದು ಹಚ್ಚಿದರೆ ಅದು ಶಮನವಾಗುತ್ತದೆ. ನಿತ್ಯ ಸೇದುವವರ ಮಿದುಳಿನಲ್ಲಿ ನಿಕೋಟಿನ್ ಕೂರುವ ಗ್ರಾಹಕಗಳ ಸಂಖ್ಯೆಯೇ ಹೆಚ್ಚಿರುತ್ತದೆ, ಹಾಗಾಗಿ ಬೇಡಿಕೆಯೂ ಹೆಚ್ಚು. ರಾತ್ರಿಯಿಡೀ ನಿಕೋಟಿನ್ ಇಳಿದಿರುವುದರಿಂದ ಬೆಳಗಿನ ಮೊದಲ ಸಿಗರೇಟು ಅಷ್ಟು ರುಚಿ ಅನ್ನಿಸುತ್ತದೆ. ಪೂರ್ತಿ ಬಿಟ್ಟು ಒಂದೆರಡು ತಿಂಗಳು ದಾಟಿದವರಲ್ಲಿ ಆತಂಕ, ಒತ್ತಡ ಸಾಮಾನ್ಯವಾಗಿ ಮೊದಲಿಗಿಂತ ಕಡಿಮೆಯಾಗುತ್ತವೆ.

ಶ್ವಾಸಕೋಶದಲ್ಲಿ ನಿಜವಾಗಿ ಏನು ಕೆಡುತ್ತದೆ?

ಎರಡು ಕಡೆ, ಎರಡು ಬಗೆ.

ಮೊದಲನೆಯದು ಶ್ವಾಸನಾಳ. ಅದರ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದ ರೋಮಗಳು ಸಾಲಾಗಿ ಬೀಸುತ್ತ ಧೂಳು, ಸೂಕ್ಷ್ಮಾಣುಗಳನ್ನು ಕಫದ ಜೊತೆ ಗಂಟಲ ಕಡೆ ಗುಡಿಸುತ್ತಿರುತ್ತವೆ. ಹೊಗೆ ತಾಗಿದರೆ ಈ ರೋಮಗಳ ಓಟ ಕುಂಠಿತವಾಗುತ್ತದೆ, ವರ್ಷಗಟ್ಟಲೆ ತಾಗಿದರೆ ಅವು ಗಿಡ್ಡವಾಗಿ ಉದುರುತ್ತವೆ. ಅದೇ ಹೊತ್ತಿಗೆ ಕಫ ತಯಾರಿಸುವ ಗ್ರಂಥಿಗಳು ಊದಿಕೊಂಡು ಇನ್ನಷ್ಟು ಕಫ ಸುರಿಸುತ್ತವೆ. ಗುಡಿಸುವವರಿಲ್ಲ, ಕಸ ಹೆಚ್ಚು. ಉಳಿಯುವ ದಾರಿ ಕೆಮ್ಮೊಂದೇ. ಪದೇ ಪದೇ ನ್ಯುಮೋನಿಯಾ, ಫ್ಲೂ ಬರುವುದು, ಕ್ಷಯ ತಗಲುವ ಅಪಾಯ ಸುಮಾರು ಎರಡು ಪಟ್ಟಾಗುವುದು ಇದಕ್ಕೇ ಹೊಂದಿಕೊಂಡಿವೆ.

ಎರಡನೆಯದು ಗಾಳಿಗೂಡುಗಳು, ಆಮ್ಲಜನಕ ರಕ್ತಕ್ಕೆ ದಾಟುವ ಜಾಗ. ಹೊಗೆ ಅಲ್ಲಿಗೆ ಬಿಳಿ ರಕ್ತಕಣಗಳನ್ನು ಕರೆತರುತ್ತದೆ. ಅವು ಎಲಾಸ್ಟೇಸ್ ಎಂಬ ಕಿಣ್ವ ಸುರಿಸುತ್ತವೆ. ಇದು ಗೂಡಿನ ಗೋಡೆಯನ್ನು ತಿನ್ನದಂತೆ ತಡೆಯಲು ದೇಹದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನ್ ಇದೆ. ಹೊಗೆಯ ಆಕ್ಸಿಡೆಂಟ್‌ಗಳು ಆ ಕಾವಲುಗಾರನನ್ನೇ ನಿಷ್ಕ್ರಿಯಗೊಳಿಸುತ್ತವೆ. ಗೋಡೆಗಳು ಒಡೆದು ನೂರು ಪುಟ್ಟ ಗೂಡುಗಳ ಜಾಗದಲ್ಲಿ ಒಂದು ದೊಡ್ಡ ಟೊಳ್ಳು ಉಳಿಯುತ್ತದೆ. ಇದೇ ಎಂಫಿಸೀಮಾ. ಒಡೆದ ಗೋಡೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಎಂಫಿಸೀಮಾ ಮತ್ತು ದೀರ್ಘಕಾಲದ ಬ್ರಾಂಕೈಟಿಸ್ ಎರಡನ್ನೂ ಸೇರಿಸಿ ಸಿಒಪಿಡಿ ಎನ್ನುತ್ತಾರೆ.

ನನಗೆ ಏದುಸಿರಿಲ್ಲ, ಎಕ್ಸ್‌ರೇಯೂ ಸರಿಯಾಗಿದೆ. ಅಂದರೆ ಶ್ವಾಸಕೋಶ ಚೆನ್ನಾಗಿದೆಯೇ?

ಹಾಗೆ ಹೇಳಲಾಗದು. ಶ್ವಾಸಕೋಶಕ್ಕೆ ಹೆಚ್ಚುವರಿ ಸಾಮರ್ಥ್ಯ ಬಹಳ. ಹೆಚ್ಚಿನವರಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಎಂದು ಅರಿವಾಗುವ ಹೊತ್ತಿಗೆ ಸಾಮರ್ಥ್ಯದ ದೊಡ್ಡ ಪಾಲು ಹೋಗಿರುತ್ತದೆ. ಶುರುವಿನ ಸಿಒಪಿಡಿ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಬೇಕಾದ ಪರೀಕ್ಷೆ ಸ್ಪೈರೋಮೆಟ್ರಿ. ಪೂರ್ತಿ ಉಸಿರೆಳೆದು, ಕೊಳವೆಗೆ ಜೋರಾಗಿ, ಶ್ವಾಸಕೋಶ ಬರಿದಾಗುವವರೆಗೆ ಊದಬೇಕು. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಹೊರಬಂದ ಗಾಳಿಯಿಂದ ಭಾಗಿಸುತ್ತಾರೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಈ ಅನುಪಾತ 0.70ಕ್ಕಿಂತ ಕಡಿಮೆ ಇದ್ದರೆ ನಾಳಗಳಲ್ಲಿ ತಡೆ ಇದೆ ಎಂದರ್ಥ.

ವಯಸ್ಸಾದಂತೆ ಎಲ್ಲರ ಉಸಿರಿನ ಸಾಮರ್ಥ್ಯವೂ ಇಳಿಯುತ್ತದೆ, ಸೇದದವರಲ್ಲಿ ವರ್ಷಕ್ಕೆ ಸುಮಾರು 30 ಮಿಲಿಲೀಟರ್. ಹೊಗೆಗೆ ಬೇಗ ಬಲಿಯಾಗುವವರಲ್ಲಿ ಇದು ಅದರ ಎರಡು ಪಟ್ಟು ಅಥವಾ ಇನ್ನೂ ವೇಗ. ಬಿಟ್ಟರೆ ಕಳೆದುಹೋದದ್ದು ಬಹುಪಾಲು ಹಿಂದಿರುಗದು, ಆದರೆ ಇಳಿಯುವ ವೇಗ ಮತ್ತೆ ಸಾಮಾನ್ಯ ಮಟ್ಟದ ಹತ್ತಿರಕ್ಕೆ ಬರುತ್ತದೆ. 45ರಲ್ಲಿ ಬಿಟ್ಟವರಿಗೂ 65ರಲ್ಲಿ ಬಿಟ್ಟವರಿಗೂ ವ್ಯತ್ಯಾಸ ಇರುವುದು ಇಲ್ಲೇ.

ಕ್ಯಾನ್ಸರ್ ಹೇಗೆ ಬರುತ್ತದೆ? ಶ್ವಾಸಕೋಶಕ್ಕೆ ಮಾತ್ರವೇ?

ಟಾರಿನಲ್ಲಿರುವ ಬೆಂಜೊಪೈರೀನ್‌ನಂಥ ವಸ್ತುಗಳನ್ನು ದೇಹ ಕರಗಿಸಿ ಹೊರಹಾಕಲು ಯತ್ನಿಸುತ್ತದೆ. ಆ ಪ್ರಯತ್ನದ ನಡುವೆಯೇ ಅವು ಇನ್ನಷ್ಟು ಚುರುಕಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಕೆಟ್ಟ ಜೀವಕೋಶ ಬೆಳೆಯದಂತೆ ತಡೆಯುವ ಪಿ53 ಎಂಬ ಜೀನ್ ಕೂಡ ಹೀಗೆ ಹಾಳಾಗುತ್ತದೆ. ಒಂದು ತಪ್ಪನ್ನು ದೇಹ ಸರಿಪಡಿಸಿಕೊಳ್ಳುತ್ತದೆ. ದಿನಕ್ಕೆ ನೂರಿನ್ನೂರು ದಮ್‌ನಂತೆ ಇಪ್ಪತ್ತು ವರ್ಷ ಕಳೆದರೆ ಸರಿಪಡಿಸಲಾಗದೆ ಉಳಿದ ತಪ್ಪುಗಳು ಒಟ್ಟುಗೂಡುತ್ತವೆ. ಸೇದಲು ಶುರುಮಾಡಿದ್ದಕ್ಕೂ ಗಡ್ಡೆ ಕಾಣಿಸುವುದಕ್ಕೂ ನಡುವೆ ದಶಕಗಳ ಅಂತರ ಇರುವುದರಿಂದಲೇ ಜನ ಇವೆರಡನ್ನು ಜೋಡಿಸಿ ನೋಡಲು ಅಷ್ಟು ಕಾಲ ಬೇಕಾಯಿತು. ಬ್ರಿಟನ್‌ನಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಈ ಸಂಬಂಧವನ್ನು ತೋರಿಸಿದರು. ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ 1964ರಲ್ಲಿ ಬಂತು.

ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸೇದದವರಿಗಿಂತ 15ರಿಂದ 30 ಪಟ್ಟು. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಹೊಟ್ಟೆ, ಮೇದೋಜೀರಕ ಗ್ರಂಥಿ, ಯಕೃತ್ತು, ಮೂತ್ರಪಿಂಡ, ಮೂತ್ರಕೋಶ, ದೊಡ್ಡಕರುಳು, ಗರ್ಭಕಂಠ, ಒಂದು ಬಗೆಯ ರಕ್ತದ ಕ್ಯಾನ್ಸರ್ ಕೂಡ ಈ ಪಟ್ಟಿಯಲ್ಲಿವೆ. ಹೊಗೆ ಮುಟ್ಟದ ಮೂತ್ರಕೋಶಕ್ಕೆ ಹೇಗೆ ಎಂದು ಹಲವರು ಆಶ್ಚರ್ಯಪಡುತ್ತಾರೆ. ಹೊಗೆಯಲ್ಲಿರುವ, ಕ್ಯಾನ್ಸರ್ ತರುವ ಅರೋಮ್ಯಾಟಿಕ್ ಅಮೈನ್‌ಗಳು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಇಳಿಯುತ್ತವೆ. ಮೂತ್ರ ಗಂಟೆಗಟ್ಟಲೆ ತುಂಬಿ ನಿಲ್ಲುವ ಜಾಗ ಅದು, ಅಷ್ಟೂ ಹೊತ್ತು ವಿಷ ಗೋಡೆಗೆ ತಾಗುತ್ತಲೇ ಇರುತ್ತದೆ.

ದಿನಕ್ಕೆ ಒಂದೋ ಎರಡೋ ಮಾತ್ರ. ಇದರಿಂದ ದೊಡ್ಡ ತೊಂದರೆ ಇಲ್ಲ ಅಲ್ಲವೇ?

ಕ್ಯಾನ್ಸರ್ ಮಟ್ಟಿಗೆ ಸಂಖ್ಯೆ ಇಳಿದಷ್ಟೂ ಅಪಾಯ ಹೆಚ್ಚುಕಡಿಮೆ ಇಳಿಯುತ್ತದೆ. ಹೃದಯದ ಲೆಕ್ಕ ಬೇರೆ. 141 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಒಂದೇ ಸಿಗರೇಟ್ ಸೇದುವವರಿಗೂ 20 ಸೇದುವವರ ಹೆಚ್ಚುವರಿ ಹೃದ್ರೋಗ ಅಪಾಯದ ಸುಮಾರು ಅರ್ಧದಷ್ಟು ಇರುತ್ತದೆ. ಇಪ್ಪತ್ತರಲ್ಲಿ ಒಂದು ಪಾಲಲ್ಲ, ಅರ್ಧ.

ಯಾಕೆಂದರೆ ರಕ್ತನಾಳಗಳು ಸ್ವಲ್ಪ ಹೊಗೆಗೇ ಪೂರ್ತಿ ಪ್ರತಿಕ್ರಿಯಿಸುತ್ತವೆ. ನಾಳ ಹಿಗ್ಗಲು ಬೇಕಾದ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಲು ಸಿದ್ಧವಾಗುತ್ತವೆ. ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಕೆಟ್ಟದ್ದು ಆಕ್ಸಿಡೀಕರಣಗೊಂಡು ನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟುವುದರಿಂದ ರಕ್ತ ಹೊರುವ ಆಮ್ಲಜನಕ ತಗ್ಗುತ್ತದೆ. ಅದೇ ಗಳಿಗೆಯಲ್ಲಿ ನಿಕೋಟಿನ್ ಹೃದಯವನ್ನು ಜೋರಾಗಿ ಓಡಿಸುತ್ತಿರುತ್ತದೆ. ಬೇಡಿಕೆ ಏರುತ್ತದೆ, ಪೂರೈಕೆ ಇಳಿಯುತ್ತದೆ. ನಲವತ್ತರ ಆಸುಪಾಸಿನಲ್ಲೇ ಹೃದಯಾಘಾತವಾದವರಲ್ಲಿ ಸೇದುವವರು ಅಷ್ಟೊಂದು ಕಾಣಿಸುವುದು ಸುಮ್ಮನೆ ಅಲ್ಲ. ಮಿದುಳಿನ ನಾಳದಲ್ಲಿ ಇದೇ ಆದರೆ ಪಾರ್ಶ್ವವಾಯು. ಕಾಲಿನಲ್ಲಾದರೆ ಸ್ವಲ್ಪ ದೂರ ನಡೆಯುತ್ತಲೇ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವ ನೋವು. ಕೈಕಾಲಿನ ರಕ್ತನಾಳಗಳು ಊದಿ ಮುಚ್ಚಿಕೊಳ್ಳುವ ಬರ್ಗರ್ಸ್ ಕಾಯಿಲೆಯಂತೂ ಹೆಚ್ಚುಕಡಿಮೆ ತಂಬಾಕು ಬಳಸುವವರಿಗೇ ಬರುವಂಥದ್ದು. ಬೆರಳುಗಳು ಕಪ್ಪಾಗಿ ಕತ್ತರಿಸುವ ಸ್ಥಿತಿಗೆ ಬಂದರೂ, ಅದರ ಓಟ ನಿಲ್ಲಿಸುವ ಖಚಿತ ಮಾರ್ಗ ಪೂರ್ತಿ ಬಿಡುವುದೊಂದೇ.

ಲೈಟ್ ಸಿಗರೇಟು, ಫಿಲ್ಟರ್, ಮೆಂಥಾಲ್ ಇವು ಸುರಕ್ಷಿತವೇ?

ಇಲ್ಲ. ‘ಲೈಟ್’ ಸಿಗರೇಟಿನ ಫಿಲ್ಟರ್ ಸುತ್ತ ಸಣ್ಣ ರಂಧ್ರಗಳಿರುತ್ತವೆ. ಅಳೆಯುವ ಯಂತ್ರ ಎಳೆದಾಗ ಅವುಗಳಿಂದ ಗಾಳಿ ಬೆರೆತು ಟಾರು ಕಡಿಮೆ ತೋರಿಸುತ್ತದೆ. ಮನುಷ್ಯ ಸೇದುವಾಗ ಬೆರಳು, ತುಟಿ ಆ ರಂಧ್ರಗಳನ್ನು ಮುಚ್ಚುತ್ತವೆ. ನಿಕೋಟಿನ್ ಸಾಲದಾದಾಗ ದೇಹ ತಾನಾಗಿ ಇನ್ನೂ ಆಳವಾಗಿ, ಇನ್ನೂ ಹೆಚ್ಚು ಸಲ ಎಳೆಸುತ್ತದೆ. ಸಂಖ್ಯೆ ಕಡಿಮೆ ಮಾಡಿದವರಲ್ಲೂ ಹೀಗೇ ಆಗುತ್ತದೆ. ಹೊಗೆ ಆಳಕ್ಕಿಳಿದಂತೆ ಶ್ವಾಸಕೋಶದ ಅಂಚಿನಲ್ಲಿ ಹುಟ್ಟುವ ಅಡಿನೊಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್ ಹೆಚ್ಚಿದೆ. ಮೆಂಥಾಲ್ ಗಂಟಲಿನ ಉರಿಯನ್ನು ಮರೆಸುತ್ತದೆ ಅಷ್ಟೆ, ಅದರಿಂದ ಶುರುಮಾಡುವುದು ಸುಲಭ, ಬಿಡುವುದು ಕಷ್ಟ.

ಬೇರೆ ಅಂಗಗಳಿಗೆ?

ಟೈಪ್ 2 ಮಧುಮೇಹದ ಅಪಾಯ ಶೇ. 30ರಿಂದ 40ರಷ್ಟು ಹೆಚ್ಚು. ಕಣ್ಣಿಗೆ ಪೊರೆ ಬೇಗ ಬರುತ್ತದೆ, ಅಕ್ಷಿಪಟಲದ ಮಧ್ಯಭಾಗ ಸವೆಯುತ್ತದೆ. ಮೂಳೆ ಟೊಳ್ಳಾಗುತ್ತದೆ, ಮುರಿದದ್ದು ಕೂಡಲು ತಡ. ಗಂಡಸರಲ್ಲಿ ನಿಮಿರು ದೌರ್ಬಲ್ಯ. ಅಲ್ಲಿಯ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಆದ್ದರಿಂದ ಇದನ್ನು ಹೃದ್ರೋಗದ ಮುನ್ಸೂಚನೆ ಎಂದೇ ತಿಳಿಯಬೇಕು. ವಸಡಿನ ವಿಷಯದಲ್ಲಿ ಒಂದು ಮೋಸವಿದೆ: ನಿಕೋಟಿನ್ ನಾಳ ಬಿಗಿಯುವುದರಿಂದ ವಸಡಿನ ರೋಗವಿದ್ದರೂ ರಕ್ತ ಬರುವುದು ಕಡಿಮೆ. ಹಲ್ಲು ಅಲ್ಲಾಡಿದಾಗಲೇ ಗೊತ್ತಾಗುತ್ತದೆ. ಶಸ್ತ್ರಚಿಕಿತ್ಸೆ ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟರೆ ಗಾಯದ ಸೋಂಕು, ನ್ಯುಮೋನಿಯಾ ಎರಡೂ ಕಡಿಮೆಯಾಗುತ್ತವೆ.

ಹೆಂಗಸರಿಗೆ, ಗರ್ಭಿಣಿಯರಿಗೆ ವಿಶೇಷ ಅಪಾಯಗಳೇನು?

35 ದಾಟಿದ, ಸೇದುವ ಹೆಂಗಸರು ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು, ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಬಹಳ ಏರುತ್ತದೆ. ಬೇರೆ ವಿಧಾನಗಳಿವೆ, ವೈದ್ಯರಿಗೆ ಸೇದುವುದನ್ನು ಮುಚ್ಚಿಡದೆ ಹೇಳಿ. ಮುಟ್ಟು ನಿಲ್ಲುವುದೂ ಒಂದೆರಡು ವರ್ಷ ಬೇಗ.

ಗರ್ಭದಲ್ಲಿ ಕಾರ್ಬನ್ ಮೊನಾಕ್ಸೈಡ್ ಮಾಸು ದಾಟಿ ಮಗುವಿನ ರಕ್ತದಲ್ಲಿ ತಾಯಿಯ ರಕ್ತಕ್ಕಿಂತ ಹೆಚ್ಚು ಸೇರುತ್ತದೆ. ಮಗುವಿನ ತೂಕ ಸರಾಸರಿ 200 ಗ್ರಾಮಿನಷ್ಟು ಕಡಿಮೆ. ಅವಧಿಗೆ ಮುನ್ನ ಹೆರಿಗೆ, ಮಾಸು ಬೇರ್ಪಟ್ಟು ರಕ್ತಸ್ರಾವ, ಗರ್ಭಕೋಶದ ಬದಲು ಡಿಂಬನಾಳದಲ್ಲೇ ಗರ್ಭ ಕಟ್ಟುವುದು, ಹುಟ್ಟಿದ ಮೇಲೆ ನಿದ್ದೆಯಲ್ಲೇ ಹಸುಗೂಸಿನ ಸಾವು ಇವೆಲ್ಲದರ ಸಾಧ್ಯತೆಯೂ ಹೆಚ್ಚುತ್ತದೆ. ಮೊದಲ ಮೂರು ನಾಲ್ಕು ತಿಂಗಳಲ್ಲಿ ಬಿಟ್ಟರೆ ತೂಕದ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ, ನಂತರ ಬಿಟ್ಟರೂ ಲಾಭವಿದೆ.

ಕಿಟಕಿ ತೆರೆದು ಸೇದಿದರೆ ಮನೆಯವರಿಗೆ ತೊಂದರೆ ಇಲ್ಲವಷ್ಟೆ?

ಇದೆ. ಕೋಣೆಯಲ್ಲಿ ಹರಡುವ ಹೊಗೆಯ ಹೆಚ್ಚಿನ ಪಾಲು ಸೇದುವವರ ಬಾಯಿಂದ ಬರುವುದಲ್ಲ, ಎರಡು ದಮ್‌ಗಳ ನಡುವೆ ತುದಿಯಿಂದ ಏಳುವುದು. ಅದು ಫಿಲ್ಟರ್ ದಾಟಿ ಬಂದದ್ದೂ ಅಲ್ಲ. ಜಪಾನಿನ ತಕೇಶಿ ಹಿರಾಯಾಮ 91,540 ಸೇದದ ಗೃಹಿಣಿಯರನ್ನು 14 ವರ್ಷ ಗಮನಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಎಂದು 1981ರಲ್ಲಿ ತೋರಿಸಿದರು. ತಾನು ಸೇದದೆ ಸತ್ತವರ ಮಾತಿದು, ನೆನೆದರೆ ಸಂಕಟವಾಗುತ್ತದೆ. ಮಕ್ಕಳಿಗೆ ಉಬ್ಬಸ, ಕಿವಿಯ ಸೋಂಕು, ನ್ಯುಮೋನಿಯಾ. ಫ್ಯಾನು, ಕಿಟಕಿ, ಕಾರಿನ ಗಾಜು ಇಳಿಸುವುದು ವಾಸನೆ ತಗ್ಗಿಸಬಹುದು, ಅಪಾಯ ನೀಗಿಸುವುದಿಲ್ಲ. ಮನೆ ಮತ್ತು ಕಾರಿನೊಳಗೆ ಯಾರೂ, ಯಾವತ್ತೂ ಸೇದಬಾರದು ಎಂಬ ಒಂದೇ ನಿಯಮ ಕೆಲಸ ಮಾಡುತ್ತದೆ.

ಇಷ್ಟು ವರ್ಷ ಸೇದಿಯಾಗಿದೆ. ಈಗ ಬಿಟ್ಟು ಏನು ಬಂತು?

ಬಹಳ ಬರುತ್ತದೆ. ಸುಮಾರು 34,000 ಬ್ರಿಟಿಷ್ ವೈದ್ಯರನ್ನು 1951ರಿಂದ 50 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಆಯುಷ್ಯ ಕಳೆದುಕೊಂಡರು. 60ರಲ್ಲಿ ಬಿಟ್ಟವರು ಅದರಲ್ಲಿ ಸುಮಾರು 3 ವರ್ಷ ಉಳಿಸಿಕೊಂಡರು, 50ರಲ್ಲಿ ಬಿಟ್ಟವರು 6, 40ರಲ್ಲಿ 9, 30ರಲ್ಲಿ ಬಿಟ್ಟವರು ಹತ್ತಿರ ಹತ್ತಿರ ಪೂರ್ತಿ 10.

ದೇಹದೊಳಗೆ ಇಪ್ಪತ್ತು ನಿಮಿಷಕ್ಕೇ ನಾಡಿಬಡಿತ ಇಳಿಯುತ್ತದೆ. ಒಂದೆರಡು ದಿನದೊಳಗೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಸೇದದವರ ಮಟ್ಟಕ್ಕೆ ಬರುತ್ತದೆ. ಕೆಲವು ತಿಂಗಳಲ್ಲಿ ಕೆಮ್ಮು, ಏದುಸಿರು ಕಡಿಮೆ. ಒಂದೆರಡು ವರ್ಷದಲ್ಲಿ ಹೃದಯಾಘಾತದ ಅಪಾಯ ಗಣನೀಯವಾಗಿ ಕುಸಿಯುತ್ತದೆ. 10ರಿಂದ 15 ವರ್ಷದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ, ಸೇದುತ್ತಲೇ ಇರುವವರ ಅರ್ಧಕ್ಕಿಳಿಯುತ್ತದೆ.

ಬಿಟ್ಟ ಮೊದಲ ದಿನಗಳಲ್ಲಿ ಏನನ್ನು ನಿರೀಕ್ಷಿಸಬೇಕು?

ಸಿಡುಕು, ನಿದ್ದೆಗೇಡು, ಹಸಿವು, ಮನಸ್ಸು ನಿಲ್ಲದಿರುವುದು, ಮಲಬದ್ಧತೆ, ಬಾಯಿಹುಣ್ಣು. ಎರಡು ಮೂರನೇ ದಿನ ಅತಿ ಹೆಚ್ಚು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಕೆಮ್ಮು ಕೆಲವು ದಿನ ಹೆಚ್ಚಾಗಬಹುದು. ‘ಬಿಟ್ಟಿದ್ದೇ ಆರೋಗ್ಯ ಕೆಟ್ಟಿತು’ ಎಂದು ಮತ್ತೆ ಹಚ್ಚಿಕೊಳ್ಳುವವರಿದ್ದಾರೆ. ಶ್ವಾಸನಾಳದ ರೋಮಗಳು ಮತ್ತೆ ಕೆಲಸಕ್ಕೆ ಬಂದು ಕಫ ಗುಡಿಸುತ್ತಿವೆ ಎಂದು ತಿಳಿಯಿರಿ. ಸೇದಲೇಬೇಕೆನ್ನಿಸುವ ತುಡಿತ ಐದಾರು ನಿಮಿಷ ಜೋರಾಗಿದ್ದು ಇಳಿಯುತ್ತದೆ. ಅಷ್ಟು ಹೊತ್ತು ಜಾಗ ಬದಲಿಸಿ, ನೀರು ಗುಟುಕರಿಸಿ, ನಡೆಯಿರಿ. ಮೊದಲ ವರ್ಷ ಸರಾಸರಿ 4–5 ಕಿಲೋ ತೂಕ ಏರುತ್ತದೆ. ಬಿಟ್ಟದ್ದರ ಲಾಭವನ್ನು ಆ ತೂಕ ಅಳಿಸುವುದಿಲ್ಲ.

ಗಮ್, ಪ್ಯಾಚ್, ಮಾತ್ರೆಗಳನ್ನು ಹೇಗೆ ಬಳಸಬೇಕು?

ಯಾವ ನೆರವೂ ಇಲ್ಲದೆ ಬಿಡಲೆತ್ನಿಸಿದ ನೂರರಲ್ಲಿ ಮೂರರಿಂದ ಐದು ಜನ ಮಾತ್ರ ಆರು ತಿಂಗಳಿಂದ ವರ್ಷದವರೆಗೆ ನಿಲ್ಲುತ್ತಾರೆ. ಔಷಧಿ ಮತ್ತು ಆಪ್ತಸಲಹೆ ಎರಡೂ ಸೇರಿದರೆ ಯಶಸ್ಸು ಎರಡು ಪಟ್ಟು ಮೀರುತ್ತದೆ. ನೆರವು ಕೇಳುವುದು ಮನೋಬಲದ ಕೊರತೆಯಲ್ಲ.

ಗಮ್: ಎದ್ದ 30 ನಿಮಿಷದೊಳಗೆ ಮೊದಲ ಸಿಗರೇಟ್ ಬೇಕೆನ್ನುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ಹೆಚ್ಚಿನವರು ತಪ್ಪುವುದು ಅಗಿಯುವುದರಲ್ಲಿ. ಮಾಮೂಲಿ ಚೂಯಿಂಗ್ ಗಮ್‌ನಂತೆ ಅಗಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ತರುತ್ತದೆ, ತುಡಿತ ಹಾಗೇ ಉಳಿಯುತ್ತದೆ. ಖಾರ ಅಥವಾ ಚುರುಗುಟ್ಟುವವರೆಗೆ ನಿಧಾನ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಕು ಹೋದ ಮೇಲೆ ಮತ್ತೆ ಅಗಿದು ಜಾಗ ಬದಲಿಸಿ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿನಿಂದ ಕಾಫಿ, ಹಣ್ಣಿನ ರಸ, ಸೋಡಾ ಬೇಡ, ಹುಳಿಯಲ್ಲಿ ನಿಕೋಟಿನ್ ಬಾಯಿಯಿಂದ ಹೀರಿಕೊಳ್ಳುವುದಿಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ 2–4 ಗಂಟೆಗೊಂದು, ಕೊನೆಯ ಮೂರು ವಾರ 4–8 ಗಂಟೆಗೊಂದು. ದಿನಕ್ಕೆ 24 ಮೀರಬಾರದು.

ಪ್ಯಾಚ್ (ಚರ್ಮದ ಮೂಲಕ ನಿಕೋಟಿನ್ ಕೊಡುವ ಪಟ್ಟಿ): ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದವರು 21 ಮಿಲಿಗ್ರಾಂ ಆರು ವಾರ, 14 ಎರಡು ವಾರ, 7 ಎರಡು ವಾರ. ಹತ್ತು ಅಥವಾ ಕಡಿಮೆ ಇದ್ದವರು 14ರಿಂದ ಶುರು. ರೋಮವಿಲ್ಲದ, ಒಣ ಚರ್ಮಕ್ಕೆ ಅಂಟಿಸಿ, ದಿನವೂ ಜಾಗ ಬದಲಿಸಿ. ರಾತ್ರಿ ಕನಸುಗಳು ಕಾಡಿದರೆ ಮಲಗುವಾಗ ತೆಗೆಯಬಹುದು. ದಿನವಿಡೀ ಪ್ಯಾಚ್, ತುಡಿತ ಬಂದಾಗ ಗಮ್, ಹೀಗೆ ಎರಡನ್ನೂ ಒಟ್ಟಿಗೆ ಬಳಸುವುದು ಒಂದನ್ನೇ ಬಳಸುವುದಕ್ಕಿಂತ ಉತ್ತಮ. ಬಳಸಿದ ಪ್ಯಾಚಿನಲ್ಲೂ ನಿಕೋಟಿನ್ ಉಳಿದಿರುತ್ತದೆ, ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ.

ತುಡಿತ ತಗ್ಗಿಸುವ ವರೆನಿಕ್ಲಿನ್ ಮಾತ್ರೆ ವೈದ್ಯರ ಚೀಟಿಯ ಮೇಲೆ. ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರು: ಮೂರು ದಿನ 0.5 ಮಿಲಿಗ್ರಾಂ ದಿನಕ್ಕೊಮ್ಮೆ, ನಾಲ್ಕರಿಂದ ಏಳನೇ ದಿನ ಅದೇ ಪ್ರಮಾಣ ಎರಡು ಸಲ, ಎಂಟನೇ ದಿನದಿಂದ 1 ಮಿಲಿಗ್ರಾಂ ಎರಡು ಸಲ, ಒಟ್ಟು 12 ವಾರ. ವಾಕರಿಕೆ ಸಾಮಾನ್ಯ, ಊಟದ ಮೇಲೆ ಲೋಟ ತುಂಬ ನೀರಿನ ಜೊತೆ ತೆಗೆದುಕೊಂಡರೆ ಕಡಿಮೆ. ಬ್ಯುಪ್ರೊಪಿಯಾನ್ ಎಂಬ ಇನ್ನೊಂದು ಮಾತ್ರೆ ಫಿಟ್ಸ್ ಬರುವವರಿಗೆ ಕೂಡದು.

ಬೇರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ಬಿಟ್ಟಾಗ ಏನಾದರೂ ಬದಲಾಗುತ್ತದೆಯೇ?

ಬದಲಾಗುತ್ತದೆ, ಇದನ್ನು ಹೇಳುವವರು ಕಡಿಮೆ. ಹೊಗೆಯ ಟಾರು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಲವು ಔಷಧಿಗಳನ್ನು ಬೇಗ ಕರಗಿಸುತ್ತದೆ. ಬಿಟ್ಟ ಸುಮಾರು ಒಂದು ವಾರದಲ್ಲಿ ಕಿಣ್ವ ಮಾಮೂಲಿಗೆ ಬರುತ್ತದೆ, ಅದೇ ಪ್ರಮಾಣದ ಔಷಧಿ ರಕ್ತದಲ್ಲಿ ಹೆಚ್ಚಾಗುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪೀನ್, ಒಲಾಂಜಪೀನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ತೆಗೆದುಕೊಳ್ಳುವವರು ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಇನ್ಸುಲಿನ್ ಇರುವವರೂ ಪರೀಕ್ಷೆ ಮಾಡಿಸುತ್ತಿರಬೇಕು. ಕಿಣ್ವ ಚುರುಕಾಗುವುದು ಹೊಗೆಯ ಕೆಲಸ, ನಿಕೋಟಿನ್ನಿನದಲ್ಲ, ಆದ್ದರಿಂದ ಪ್ಯಾಚ್ ಹಾಕಿಕೊಂಡರೂ ಹೀಗೇ ಆಗುತ್ತದೆ. ಕೆಫೀನ್ ಕೂಡ ಇದೇ ಕಿಣ್ವದಿಂದ ಕರಗುವುದು. ಬಿಟ್ಟ ಮೇಲೂ ಅಷ್ಟೇ ಕಾಫಿ ಕುಡಿದರೆ ಕೈನಡುಕ, ನಿದ್ದೆಗೇಡು, ಎದೆಬಡಿತ. ಅದನ್ನು ಸಿಗರೇಟಿನ ಕೊರತೆ ಎಂದು ತಪ್ಪು ತಿಳಿಯುತ್ತಾರೆ. ಕಾಫಿ ಅರ್ಧಕ್ಕಿಳಿಸಿ.

ಬಿಟ್ಟ ಮೇಲೆ ಒಂದು ಸೇದಿಬಿಟ್ಟೆ. ಎಲ್ಲ ಹಾಳಾಯಿತೇ?

ಇಲ್ಲ. ಪ್ಯಾಚ್ ತೆಗೆಯಬೇಡಿ, ಮಾತ್ರೆ ನಿಲ್ಲಿಸಬೇಡಿ, ಉಳಿದ ಪ್ಯಾಕ್ ಎಸೆದು ಅದೇ ದಿನದಿಂದ ಮುಂದುವರಿಯಿರಿ. ಎಲ್ಲಿ, ಯಾರ ಜೊತೆ, ಯಾವ ಗಳಿಗೆಯಲ್ಲಿ ಹಚ್ಚಿದಿರಿ ಎಂದು ಬರೆದಿಡಿ. ಮದ್ಯ ಮತ್ತು ಸೇದುವ ಗೆಳೆಯರ ಸಂಗ ಆ ಪಟ್ಟಿಯಲ್ಲಿ ಹೆಚ್ಚಾಗಿ ಬರುತ್ತವೆ. ಬಹುತೇಕರು ಹಲವು ಪ್ರಯತ್ನಗಳ ನಂತರವೇ ಪೂರ್ತಿ ಬಿಟ್ಟಿದ್ದಾರೆ.

ಯಾವ ಲಕ್ಷಣ ಕಂಡರೆ ಕಾಯದೆ ವೈದ್ಯರ ಬಳಿ ಹೋಗಬೇಕು? ಸ್ಕ್ಯಾನ್ ಬೇಕೇ?

ಕಫದಲ್ಲಿ ರಕ್ತ, ಮೂರು ವಾರ ಮೀರಿದ ಅಥವಾ ಸ್ವರೂಪ ಬದಲಾದ ಕೆಮ್ಮು, ಮೂರು ವಾರ ಮೀರಿದ ದನಿಯೊಡಕು, ವಾಸಿಯಾಗದ ಬಾಯಿಹುಣ್ಣು ಅಥವಾ ಬಿಳಿ ಮಚ್ಚೆ, ನುಂಗಲು ತೊಡಕು, ಕಾರಣವಿಲ್ಲದೆ ತೂಕ ಇಳಿಯುವುದು, ನೋವಿಲ್ಲದಿದ್ದರೂ ಮೂತ್ರದಲ್ಲಿ ರಕ್ತ. ಎದೆ ಹಿಂಡಿದಂತಾಗಿ ಬೆವರುವುದು, ಮುಖ ಸೊಟ್ಟಗಾಗುವುದು, ಕೈ ಬಲಹೀನವಾಗುವುದು, ಮಾತು ತೊದಲುವುದು ಕಂಡರೆ ತಕ್ಷಣ ತುರ್ತು ಚಿಕಿತ್ಸೆಗೆ.

ಸ್ಕ್ಯಾನ್ ಎಲ್ಲರಿಗೂ ಬೇಡ. ದಿನಕ್ಕೆ ಸೇದಿದ ಸಂಖ್ಯೆಯನ್ನು 20ರಿಂದ ಭಾಗಿಸಿ, ಸೇದಿದ ವರ್ಷಗಳಿಂದ ಗುಣಿಸಿದರೆ ಪ್ಯಾಕ್-ವರ್ಷ ಸಿಗುತ್ತದೆ. ದಿನಕ್ಕೆ 10ರಂತೆ 40 ವರ್ಷ ಎಂದರೆ 20 ಪ್ಯಾಕ್-ವರ್ಷ. ಅಮೆರಿಕದ 2021ರ ಶಿಫಾರಸಿನಂತೆ 50ರಿಂದ 80 ವಯಸ್ಸಿನ, 20 ಅಥವಾ ಅದಕ್ಕಿಂತ ಹೆಚ್ಚು ಪ್ಯಾಕ್-ವರ್ಷ ಆದ, ಈಗಲೂ ಸೇದುವ ಅಥವಾ ಬಿಟ್ಟು 15 ವರ್ಷವಾಗದವರಿಗೆ ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್. ಎದೆಯ ಎಕ್ಸ್‌ರೇಗೆ ಹೋಲಿಸಿ ನಡೆಸಿದ, 2011ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಈ ಸ್ಕ್ಯಾನ್ ಶ್ವಾಸಕೋಶ ಕ್ಯಾನ್ಸರ್ ಸಾವನ್ನು ಶೇ. 20ರಷ್ಟು ತಗ್ಗಿಸಿತು. ಸ್ಕ್ಯಾನಿನಲ್ಲಿ ಕಾಣುವ ಸಣ್ಣ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿ ಅವು ಬೆಳೆದಿವೆಯೇ ಎಂದು ನೋಡುತ್ತಾರೆ, ಆ ಎರಡನೇ ಸ್ಕ್ಯಾನಿನ ದಿನವನ್ನು ಮಾತ್ರ ತಪ್ಪಿಸಬೇಡಿ.